ಹಾಡಿನ ಹಿಂದಿರುವ ಕಿವಿ

ಮೂಡಿಗೆರೆಯ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಅವರು ಕಾಫಿ ತೋಟದ ಯಜಮಾನರು, ನಾಲ್ಕು ಜನರಿಗೆ ಬೇಕಾದವರು, ವೃಥಾ ಮಾತು ಬೆಳೆಸುವವರಲ್ಲ. ಅವರ ಕಿರಿಯ ಮಗನು ಬೆಂಗಳೂರಿನಲ್ಲಿ ಓದು ಮುಗಿಸಿ, ಎರಡು ವರ್ಷ ಗೆಳೆಯರ ವಾದ್ಯಮೇಳವೊಂದರಲ್ಲಿ ಕೀಬೋರ್ಡ್ ನುಡಿಸಿ, ಈಗ ಮನೆಗೆ ಮರಳಿದ್ದಾನೆ. ಬಂದವನು ಕಾಫಿಯ ಗೋದಾಮಿನಲ್ಲಿ ಅರ್ಧಭಾಗವನ್ನು ತನಗೆ ಬಿಟ್ಟುಕೊಡಬೇಕೆಂದು ಕೇಳುತ್ತಿದ್ದಾನಂತೆ. ಅಲ್ಲಿ ಧ್ವನಿಮುದ್ರಣದ ಕೋಣೆಯೊಂದನ್ನು ಕಟ್ಟಿ, ಇನ್ನು ಮುಂದೆ ತಾನು ನುಡಿಸುವುದಕ್ಕಿಂತ ಹೆಚ್ಚಾಗಿ ಪರರ ಹಾಡುಗಳನ್ನು ಮುದ್ರಿಸಿ ಹೊರತರುವ ‘ಪ್ರೊಡ್ಯೂಸರ್’ ಆಗುವೆನೆಂಬುದು ಅವನ ಸಂಕಲ್ಪ. ತಾಯಿ ಮಗನ ಪಕ್ಷ. ತಂದೆಗೆ ಮಾತ್ರ ನಿದ್ರೆಯಿಲ್ಲ. “ಹಾಡುವವನಿಗಾದರೆ ಊರಿನಲ್ಲಿ ಒಂದು ಹೆಸರುಂಟು. ಹಾಡುವವನ ಹಿಂದೆ ಕುಳಿತವನಿಗೆ ಏನುಂಟು? ಇದು ಉದ್ಯೋಗವೋ ಹುಚ್ಚೋ, ತಾವೇ ಹೇಳಬೇಕು” ಎಂದು ಅವರು ಕೇಳಿರುವರು.

ಕಾಗದದ ಕೊನೆಯಲ್ಲಿ ಇನ್ನೊಂದು ಮಾತನ್ನು ಅವರು ಸುಮ್ಮನೆ ಸೇರಿಸಿದಂತೆ ಬರೆದಿದ್ದಾರೆ. ಮನೆಯಲ್ಲಿ ಎಂಬತ್ತು ದಾಟಿದ ಅವರ ತಾಯಿಯವರಿದ್ದಾರೆ. ಸೋಬಾನೆ ಪದಗಳಲ್ಲಿ ಸುತ್ತಿನ ಹಳ್ಳಿಗಳಲ್ಲಿ ಆ ವೃದ್ಧೆಯನ್ನು ಮೀರಿಸುವವರು ಇರಲಿಲ್ಲವಂತೆ. ಈಚೆಗೆ ಮರೆವು ಹತ್ತಿದೆ. “ಮೊಮ್ಮಗನ ಸಂಗೀತ ಅವರಿಗೆ ತಿಳಿಯದು, ಅವರ ಪದ ಮೊಮ್ಮಗನಿಗೆ ಬೇಡ” ಎಂದು ಬರೆದು ಸಹಿ ಮಾಡಿರುವರು. ಈ ಕೊನೆಯ ಮಾತೇ ನಮಗೆ ಮೊದಲಿನ ಮಾತಿಗಿಂತ ಮುಖ್ಯವೆಂದು ತೋರಿತು. ಅದಕ್ಕೆ ಆಮೇಲೆ ಬರುವೆವು.

ಇಂತಹ ಪ್ರಶ್ನೆ ಒಂದು ಮನೆಯದೇ ಅಲ್ಲವೆಂಬುದನ್ನು ನಾವು ಬಲ್ಲೆವು. ಚಿಕ್ಕಮಗಳೂರಿನಿಂದ ಕಳಸದವರೆಗೆ ಈ ಗುಡ್ಡಗಳ ನಡುವೆ ಹುಡುಗರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿರುವ ಮನೆಗಳು ಈಗ ಕಡಮೆಯಿಲ್ಲ. ಆದುದರಿಂದ ಉತ್ತರವನ್ನು ಕಾಗದದಲ್ಲಿ ಕಳುಹದೆ, ಎಲ್ಲರಿಗೂ ಉಪಯೋಗವಾಗಲೆಂದು ಈ ಪುಟದಲ್ಲಿಯೇ ಬರೆಯುತ್ತಿರುವೆವು.

ಮೊದಲು, ಈ ಉದ್ಯೋಗವೆಂದರೇನು? ನಮ್ಮ ದೇಶದಲ್ಲಿ ತಟ್ಟೆಯ ಮೇಲೆ ಹಾಡು ಮುದ್ರಿಸುವ ಕೆಲಸ ಮೊದಲಾದ ಕಾಲವನ್ನು ನೆನೆಯೋಣ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಯಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ದೊಡ್ಡ ಕೊಂಬೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಮೂರು ನಿಮಿಷದಷ್ಟು ಕಾಲದಲ್ಲಿ ಮುಗಿಸಬೇಕು. ತಟ್ಟೆಗಳು ಜರ್ಮನಿಯ ಹಾನೋವರಿನಲ್ಲಿ ಅಚ್ಚಾಗಬೇಕಾಗಿದ್ದುದರಿಂದ, ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದು, ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ಆಕೆಗೂ ನಮ್ಮ ನಾಡಿಗೂ ಒಂದು ಋಣಾನುಬಂಧವುಂಟು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಆಕೆ ಕಾಲವಾದಳು.

ಆ ಕಾಲದಲ್ಲಿ ಯಂತ್ರದ ಬಳಿ ನಿಂತವನು ಇದ್ದ ಹಾಡನ್ನು ಇದ್ದಂತೆ ಹಿಡಿಯುವವನು ಮಾತ್ರ. 1925ರ ಸುಮಾರಿಗೆ ವಿದ್ಯುತ್ತಿನ ಮೈಕು ಬಂದಿತು. ಮುಂದೆ ಕಾಂತದ ಟೇಪು ಬಂದಿತು. ಒಂದೊಂದು ವಾದ್ಯವನ್ನು ಬೇರೆ ಬೇರೆ ಪದರವಾಗಿ ಮುದ್ರಿಸಿ ಆಮೇಲೆ ಹೊಂದಿಸುವ ಅನುಕೂಲ ಬಂದಿತು. ಈಗ ಅದೆಲ್ಲವೂ ಒಂದು ಕಂಪ್ಯೂಟರಿನೊಳಗೆ ಅಡಗಿದೆ. ಹೀಗೆ ಹಿಡಿಯುವವನ ಕೆಲಸ ಕೂಡಿಸುವವನ ಕೆಲಸವಾಯಿತು. ಯಾವ ಹಾಡು, ಯಾರ ಕಂಠ, ಯಾವ ಶ್ರುತಿ, ಕೊಳಲು ಎಲ್ಲಿ ಏಳಬೇಕು, ತಬಲ ಎಲ್ಲಿ ಸುಮ್ಮನಿರಬೇಕು, ಹತ್ತು ಸಲ ಹಾಡಿದುದರಲ್ಲಿ ಯಾವುದು ನಿಜವಾಗಿ ಒಳ್ಳೆಯದು ಎಂಬುದನ್ನೆಲ್ಲ ನಿರ್ಣಯಿಸುವವನು ಒಬ್ಬನು ಬೇಕಾದನು. ಅವನೇ ಧ್ವನಿಮುದ್ರಿಕೆಯ ನಿರ್ಮಾಪಕನು.

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡದ ಮೇಲಿನ ಕೆಂಪು ಹಣ್ಣು ಬಟ್ಟಲಿನ ಕಾಫಿಯಲ್ಲ. ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿ, ಕ್ಯೂರಿಂಗಿಗೆ ಕಳುಹಿ, ಹದವಾಗಿ ಹುರಿದು ಪುಡಿಮಾಡಿದ ಮೇಲೆಯೇ ಪರಿಮಳ. ಒಂದೇ ತೋಟದ ಬೀಜ ಹುರಿಯುವವನ ಕೈ ಬದಲಾದರೆ ರುಚಿಯೂ ಬದಲಾಗುವುದು. ಹುರಿಯುವವನು ಬೀಜಕ್ಕೆ ಗುಣವನ್ನು ಕೊಡಲಾರನು. ಆದರೆ ಇರುವ ಗುಣವನ್ನು ಕೆಡಿಸಬಲ್ಲನು, ಉಳಿಸಲೂ ಬಲ್ಲನು.

ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಯು ಈ ನಿರ್ಮಾಪಕನಿಗೆ ಕೊಟ್ಟಿರುವ ಲಕ್ಷಣವನ್ನು ಓದಿ ನಾವು ಮೆಚ್ಚಿದೆವು. ಮುದ್ರಿಕೆಯನ್ನು ಮಾಡುವುದಕ್ಕೆ ಯಾರು ಮುಂದಾಗುವರೋ, ಅದರ ಹೊಣೆಯನ್ನು ಯಾರು ಹೊರುವರೋ ಅವರೇ ನಿರ್ಮಾಪಕರು ಎಂಬುದು ಅದರ ತಾತ್ಪರ್ಯ. ಕಂಠವುಳ್ಳವನೆಂದಾಗಲಿ ಯಂತ್ರವುಳ್ಳವನೆಂದಾಗಲಿ ಅಲ್ಲಿ ಹೇಳಿಲ್ಲ; ಹೊಣೆ ಹೊರುವವನು ಎಂದು ಹೇಳಿದೆ. ಗೃಹಸ್ಥನಿಗೂ ಇದಕ್ಕಿಂತ ಬೇರೆ ಲಕ್ಷಣವುಂಟೇ?

ಇನ್ನು, ನುಡಿಸುವವನಾಗಿದ್ದು ಈ ಹೊಣೆಗೆ ಬಂದವರ ಉದಾಹರಣೆಯೊಂದನ್ನು ನೋಡೋಣ. ದೂರ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲಿಯೇ ಇರುವರು. ರಿಕ್ಕಿ ಕೇಜ್ ಎಂಬವರ ಹೆಸರನ್ನು ನಮ್ಮ ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅವರು 1981ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಪ್ರಾಂತದಲ್ಲಿ ಜನಿಸಿದವರು. ಎಂಟು ವರ್ಷದ ಬಾಲಕರಾಗಿದ್ದಾಗ ಬೆಂಗಳೂರಿಗೆ ಬಂದು ಇಲ್ಲಿಯೇ ಬೆಳೆದವರು. ಸ್ವಾತಂತ್ರ್ಯ ಹೋರಾಟದಲ್ಲಿಯೂ ಸೈಕಲ್ ಪಂದ್ಯಗಳಲ್ಲಿಯೂ ಸಿನಿಮಾದಲ್ಲಿಯೂ ಹೆಸರು ಮಾಡಿದ ಜಾನಕಿದಾಸ್ ಅವರ ಅಜ್ಜ. ಬೆಂಗಳೂರಿನ ಆಕ್ಸ್‌ಫರ್ಡ್ ದಂತವೈದ್ಯ ಕಾಲೇಜಿನಲ್ಲಿ ಓದಿ ಪದವಿಯನ್ನು ಪಡೆದರು. ಆದರೆ ಒಂದು ದಿನವೂ ಆ ವೃತ್ತಿಯನ್ನು ಹಿಡಿಯಲಿಲ್ಲ. ಓದುವಾಗಲೇ ‘ಏಂಜಲ್ ಡಸ್ಟ್’ ಎಂಬ ರಾಕ್ ಮೇಳದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ವೇದಿಕೆಯ ಮೇಲಿನ ಆ ಬಾಳನ್ನು ಬಿಟ್ಟು 2003ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸ್ಟುಡಿಯೋ ಒಂದನ್ನು ತೆರೆದರು.

ಮೇಳದಿಂದ ಸ್ಟುಡಿಯೋಗೆ ಹೋದುದು ಏರಿದಂತೆ ಹೊರಗಿನವರಿಗೆ ಕಾಣಬಹುದು. ಆ ಕಾಲದಲ್ಲಿ ಅಲ್ಲಿ ಕಾದಿದ್ದುದು ಏನೆಂದರೆ ಜಾಹೀರಾತಿನ ಹಾಡು! ಸಾಬೂನಿಗೋ ಬಿಸ್ಕತ್ತಿಗೋ ಅರ್ಧ ನಿಮಿಷದ ಪಲ್ಲವಿ. ಗಿರಾಕಿಯು ಬೇಡವೆಂದರೆ ಮರುದಿನ ಇನ್ನೊಂದು. ರೇಡಿಯೋ ದೂರದರ್ಶನಗಳಿಗಾಗಿ ಹೀಗೆ ಮೂರು ಸಾವಿರಕ್ಕೂ ಮಿಕ್ಕಿದ ಜಿಂಗಲ್‌ಗಳನ್ನು ಅವರು ಮಾಡಿಕೊಟ್ಟಿರುವರು. ಇದು ಸಣ್ಣ ಕೆಲಸವೆಂದು ಮೂಗು ಮುರಿಯುವವರು ಮರೆಯುವ ಸಂಗತಿಯೊಂದುಂಟು. ಹೇಳಿದ ದಿನಕ್ಕೆ, ಹೇಳಿದ ಉದ್ದಕ್ಕೆ, ಇನ್ನೊಬ್ಬರ ಮನಸ್ಸಿಗೆ ಒಪ್ಪುವಂತೆ ಮಾಡಿ ಮುಗಿಸುವ ಶಿಕ್ಷಣ ಈ ಕೆಲಸದಲ್ಲಿ ದೊರೆಯುವಷ್ಟು ಬೇರೆಲ್ಲಿಯೂ ದೊರೆಯದು. ಜೊತೆಗೆ ಬಾಡಿಗೆಯೂ ಹುಟ್ಟುವುದು. ಬಳಿಕ 2008ರಲ್ಲಿ ‘ಆಕ್ಸಿಡೆಂಟ್’, 2009ರಲ್ಲಿ ‘ವೆಂಕಟ ಇನ್ ಸಂಕಟ’ ಎಂಬ ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟರು. 2011ರಲ್ಲಿ ಢಾಕಾ ನಗರದಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ಟಿನ ಉದ್ಘಾಟನೆಗೂ ಸಂಗೀತ ಅವರದೇ.

ಅವರ ಹೆಸರು ಲೋಕಕ್ಕೆ ಪರಿಚಯವಾದುದು 2014ರಲ್ಲಿ ಹೊರಬಂದ ‘ವಿಂಡ್ಸ್ ಆಫ್ ಸಂಸಾರ’ ಎಂಬ ಮುದ್ರಿಕೆಯಿಂದ. ಮಹಾತ್ಮಾ ಗಾಂಧಿ, ನೆಲ್ಸನ್ ಮಂಡೇಲಾ ಈ ಇಬ್ಬರ ಆದರ್ಶಗಳನ್ನು ನೆನೆದು, ದಕ್ಷಿಣ ಆಫ್ರಿಕದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಅವರೊಡನೆ ಕೂಡಿ ಮಾಡಿದ ಕೃತಿಯಿದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ‘ನ್ಯೂ ಏಜ್’ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿ, 2015ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪಾರಿತೋಷಕವನ್ನು ಪಡೆಯಿತು. ‘ಪೊಲೀಸ್’ ಎಂಬ ಪ್ರಸಿದ್ಧ ಮೇಳದ ಡ್ರಮ್ಮುವಾದಕ ಸ್ಟೂವರ್ಟ್ ಕೋಪ್‌ಲೆಂಡ್ ಅವರೊಡನೆ ಮಾಡಿದ ‘ಡಿವೈನ್ ಟೈಡ್ಸ್’ಗೆ 2022ರಲ್ಲಿ ಎರಡನೆಯ ಗ್ರ್ಯಾಮಿ ಬಂದಿತು. ಅದೇ ಕೃತಿಯನ್ನು, ಧ್ವನಿಯು ಕೇಳುವವನನ್ನು ಸುತ್ತಲಿಂದಲೂ ಮೇಲಿನಿಂದಲೂ ಆವರಿಸುವಂತೆ ಹೊಂದಿಸಿದುದಕ್ಕೆ 2023ರಲ್ಲಿ ಮೂರನೆಯದು. ಈ ಮೂರನೆಯ ಪಾರಿತೋಷಕವನ್ನು ಗಮನಿಸಬೇಕು. ಅದು ಹೊಸ ರಾಗಕ್ಕಾಗಿ ಬಂದುದಲ್ಲ. ಅಲ್ಲಿ ಮನ್ನಣೆ ಪಡೆದವರು ಧ್ವನಿಯನ್ನು ಹೊಂದಿಸಿದ ಎಂಜಿನಿಯರೂ ನಿರ್ಮಾಪಕರುಗಳೂ. ಅಂದರೆ ಹಾಡಿನ ಹಿಂದೆ ಕುಳಿತ ಕಿವಿಗಳು. ಗೃಹಸ್ಥರು ಕೇಳಿದ ‘ಹಿಂದೆ ಕುಳಿತವನಿಗೆ ಏನುಂಟು’ ಎಂಬ ಪ್ರಶ್ನೆಗೆ ಇದೊಂದು ಉತ್ತರ.

ಅವರು ಸಂಗೀತ ಕೂಡಿಸಿದ ಇನ್ನೊಂದು ಕೃತಿ ನಮ್ಮ ಕಾಡುಗಳಿಗೆ ಸಂಬಂಧಪಟ್ಟುದು. ಕರ್ನಾಟಕದ ವನ್ಯಜೀವಿಗಳನ್ನು ಕುರಿತ ‘ವೈಲ್ಡ್ ಕರ್ನಾಟಕ’ ಎಂಬ ಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಡೇವಿಡ್ ಅಟೆನ್‌ಬರೋ ಅವರು ಅದಕ್ಕೆ ಕಂಠವಿತ್ತರು. ನಿರೂಪಣೆಗಾಗಿ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಇಂತಹ ಚಿತ್ರದಲ್ಲಿ ಸಂಗೀತಗಾರನಿಗೆ ಎಲ್ಲಕ್ಕಿಂತ ಕಷ್ಟವಾದುದು ಸುಮ್ಮನಿರುವುದು. ಮಾತಿಗೆ ಎಡೆ ಬಿಡಬೇಕು, ಹಕ್ಕಿಯ ಕೂಗಿಗೆ ಎಡೆ ಬಿಡಬೇಕು, ಮಳೆಯ ಸದ್ದಿಗೂ ಎಡೆ ಬಿಡಬೇಕು. ಮುಂದೆ 2023ರ ಸ್ವಾತಂತ್ರ್ಯದಿನದ ಮುನ್ನಾದಿನ, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ಮೇಳದ ನೂರು ಮಂದಿಯಿಂದ ನುಡಿಸಿ ಮುದ್ರಿಸಿದ ನಮ್ಮ ರಾಷ್ಟ್ರಗೀತೆಯನ್ನು ಅವರು ಹೊರತಂದರು. ಒಂದು ನಿಮಿಷದ ಹಾಡು. ನೂರು ಜನರ ಶ್ರಮ. 2025ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು.

ಈ ಚರಿತ್ರೆಯನ್ನು ಓದಿ ಮೂಡಿಗೆರೆಯ ಹುಡುಗನು ಹಿಗ್ಗುವುದಕ್ಕೆ ಮುನ್ನ ವರ್ಷಗಳನ್ನು ಎಣಿಸಲಿ. ಸ್ಟುಡಿಯೋ ತೆರೆದುದು 2003ರಲ್ಲಿ. ಮೊದಲ ದೊಡ್ಡ ಪಾರಿತೋಷಕ 2015ರಲ್ಲಿ. ನಡುವೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷ ಜಾಹೀರಾತಿನ ಹಾಡುಗಳೂ ಸಿನಿಮಾದ ಕೆಲಸವೂ ಅವರ ಸ್ಟುಡಿಯೋದ ದೀಪವನ್ನು ಉರಿಸಿದುವು. ಪಾರಿತೋಷಕವು ಲಕ್ಷಕ್ಕೊಬ್ಬನಿಗೆ, ಕೂಲಿಯ ಕೆಲಸವಾದರೋ ಎಲ್ಲರಿಗೂ.

ಬೇರೊಂದು ದಾರಿಯನ್ನು ಹಿಡಿದವರೂ ನಮ್ಮಲ್ಲಿರುವರು. ಕ್ಯಾಸೆಟ್ಟು ಬಂದ ಹೊಸತರಲ್ಲಿ, 1978ರಲ್ಲಿ, ಮೈಸೂರು ಅನಂತಸ್ವಾಮಿಯವರು ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ರಾಗ ಕೂಡಿಸಿ ‘ನಿತ್ಯೋತ್ಸವ’ವನ್ನು ಹೊರತಂದರು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದಕ್ಕೆ ಹೆಸರು. ಅದುವರೆಗೆ ಪುಸ್ತಕದಲ್ಲಿಯೂ ಸಭೆಗಳಲ್ಲಿಯೂ ಇದ್ದ ಕವಿತೆ ಅಡಿಗೆಮನೆಗೆ ಬಂದಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅಂದರೆ ನಮ್ಮ ಜಿಲ್ಲೆಯಲ್ಲಿಯೇ, 1904ರಲ್ಲಿ ಜನಿಸಿದ ಕುವೆಂಪುರವರ ಕವಿತೆ ನಾಡಗೀತೆಯಾಯಿತಷ್ಟೆ. ಅದನ್ನು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರಲ್ಲಿ ಸರಕಾರದ ಆಜ್ಞೆಯಾಯಿತು. ಆ ಮಹನೀಯರು 1995ರಲ್ಲಿಯೇ ತೀರಿಕೊಂಡಿದ್ದರು. ಇನ್ನು ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್ ಅವರು 27 ವರ್ಷ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ರಾಗ ಕೂಡಿಸಿದರು. ಶಿಶುನಾಳ ಶರೀಫರ ತತ್ತ್ವಪದಗಳೂ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯೂ ಮನೆಮನೆಯನ್ನು ಮುಟ್ಟಿದುದರಲ್ಲಿ ಅವರ ಪಾಲು ದೊಡ್ಡದು. ಸಂಬಳವು ಒಲೆಯನ್ನು ಉರಿಸಿತು. ಸಂಗೀತವು ಯಾರ ಹಂಗಿಗೂ ಬೀಳದೆ ನಡೆಯಿತು. ತೋಟವಿರುವ ಮನೆಯ ಹುಡುಗನಿಗೆ ಈ ದಾರಿ ಇನ್ನೂ ಸುಲಭವಲ್ಲವೇ? ನವೆಂಬರಿನಿಂದ ಮಾರ್ಚಿಯವರೆಗೆ ಕೊಯ್ಲಿಗೆ ತಂದೆಯ ಜೊತೆ ನಿಲ್ಲಲಿ. ಮಿಕ್ಕ ತಿಂಗಳುಗಳಲ್ಲಿ ಯಂತ್ರದ ಮುಂದೆ ಕುಳಿತುಕೊಳ್ಳಲಿ.

ಅನಂತಸ್ವಾಮಿ, ಅಶ್ವಥ್ ಇವರ ಕಾಲದಲ್ಲಿ ಜನರು ಅಂಗಡಿಗೆ ಹೋಗಿ ಹಣ ಕೊಟ್ಟು ಕ್ಯಾಸೆಟ್ಟನ್ನು ತರುತ್ತಿದ್ದರು. ಈಗ ಹಾಡು ಫೋನಿನಲ್ಲಿ ಹರಿದುಬರುವುದು; ಒಂದು ಸಲ ಕೇಳಿದರೆ ಮಾಡಿದವನಿಗೆ ಸೇರುವುದು ಕಾಸಿಗೂ ಕಡಮೆ. ಆದುದರಿಂದ ಹೊರತಂದ ಹಾಡಿನ ಮಾರಾಟದಿಂದಲೇ ಸಂಸಾರ ನಡೆಯುವುದೆಂದು ಯಾರೂ ನಂಬಬಾರದು. ಜಾಹೀರಾತು, ಶಾಲೆಯ ಹಾಡು, ದೇವಸ್ಥಾನದ ಭಜನೆ, ಕಿರುಚಿತ್ರಗಳ ಹಿನ್ನೆಲೆ, ಪರರ ಮುದ್ರಣವನ್ನು ಹದಗೊಳಿಸಿಕೊಡುವ ಕೆಲಸ ಇವೇ ಮೊದಮೊದಲು ಅನ್ನವಿಡುವುವು.

ಮೂಡಿಗೆರೆಯ ಮಹನೀಯರೇ, ಈಗ ತಮಗೆ ನಮ್ಮ ಸಲಹೆ. ತಮ್ಮ ಚಿರಂಜೀವಿಗೆ ಬೇಡವೆನ್ನಬೇಡಿರಿ. ಕೇಳಿದುದನ್ನೆಲ್ಲ ಒಮ್ಮೆಗೇ ಕೊಡಲೂ ಬೇಡಿರಿ. ಮೂರು ವರ್ಷದ ಅವಧಿಯನ್ನು ಗೊತ್ತುಮಾಡಿರಿ. ತೋಟದ ಲೆಕ್ಕದ ಪುಸ್ತಕವಿರುವಂತೆ ಅವನಿಗೂ ಒಂದು ಪುಸ್ತಕವಿರಲಿ. ಬಂದುದನ್ನೂ ಹೋದುದನ್ನೂ ಅವನೇ ಬರೆದು ತಿಂಗಳಿಗೊಮ್ಮೆ ತಮಗೆ ತೋರಿಸಲಿ. ಗೋದಾಮಿನ ವಿಷಯದಲ್ಲಿ ಆತುರ ಬೇಡ. ಕಾಫಿಯು ಕ್ಯೂರಿಂಗಿಗೆ ಹೋದ ಮೇಲೆ ಅದು ಖಾಲಿಯಿರುವುದು ನಿಜ. ಆದರೆ ಆ ತಿಂಗಳುಗಳಲ್ಲಿಯೇ ನಮ್ಮಲ್ಲಿ ಮಳೆ. ಹಂಚಿನ ಮೇಲೆ ಆಷಾಢದ ಮಳೆ ಬೀಳುವಾಗ ಎದುರಿಗಿದ್ದವರ ಮಾತೇ ಕೇಳಿಸದು. ಸೂಕ್ಷ್ಮವಾದ ಮೈಕಿನ ಮುಂದೆ ಹಾಡುವುದೆಂತು? ಕರೆಂಟಿನ ಅವಸ್ಥೆಯೂ ತಮಗೆ ತಿಳಿದುದೇ. ಮೊದಲು ನಡುಮನೆಯ ಒಳಕೋಣೆಯೊಂದರಲ್ಲಿ, ಗೋಡೆಗೆ ಹತ್ತಿಯ ಹಾಸಿಗೆಯನ್ನೂ ಕಂಬಳಿಯನ್ನೂ ತೂಗುಹಾಕಿ, ಒಂದು ಮೈಕಿನಿಂದ ಕೆಲಸ ತೊಡಗಲಿ. ಅಷ್ಟರಲ್ಲಿ ಮಾಡಬಲ್ಲವನು ಗೋದಾಮಿನಲ್ಲಿಯೂ ಮಾಡಿಯಾನು.

ಇನ್ನು ಹುಡುಗನಿಗೆ ಒಂದು ಮಾತು. ಅಪ್ಪಾ, ನೀನು ನುಡಿಸುವವನಾಗಿದ್ದಾಗ ನಿನ್ನ ತಪ್ಪು ನಿನ್ನದೊಬ್ಬನದೇ. ನಿರ್ಮಾಪಕನಾದ ಮೇಲೆ ಪರರ ಕಂಠ, ಪರರ ಹೆಸರು, ಪರರ ಕೂಲಿ ಎಲ್ಲವೂ ನಿನ್ನ ಕೈಯಲ್ಲಿರುವುವು. ಹಾಡಿದವರ ಹೆಸರನ್ನು ಬರೆಯದೆ ಮುದ್ರಿಕೆಯನ್ನು ಹೊರಗೆ ಬಿಡಬೇಡ. 2012ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ, ಕವಿಗೂ ರಾಗ ಕೂಡಿಸಿದವನಿಗೂ ಸಲ್ಲಬೇಕಾದ ಗೌರವಧನದ ಪಾಲನ್ನು ಅವರೇ ಬಿಟ್ಟುಕೊಟ್ಟೆವೆಂದು ಬರೆದುಕೊಟ್ಟರೂ ಅದು ಬಿಟ್ಟುಹೋಗದು. ಹಾಡಿದವರಿಗೂ ತಮ್ಮ ಹಾಡಿನ ಮೇಲೆ 50 ವರ್ಷದ ಹಕ್ಕುಂಟು. ಇದನ್ನು ಮೊದಲ ದಿನವೇ ತಿಳಿದುಕೊಂಡವನು ಕೊನೆಯವರೆಗೆ ಯಾರ ಕಣ್ಣೀರಿಗೂ ಗುರಿಯಾಗನು.

ಇಷ್ಟಕ್ಕೂ ನೀನು ಈ ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂಬುದಕ್ಕೆ ಪರೀಕ್ಷೆಯೊಂದುಂಟು. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ನಿನ್ನ ಮನೆಯ ಒಳಕೋಣೆಯಲ್ಲಿಯೇ ಎಂಬತ್ತು ದಾಟಿದ ಗಾಯಕಿಯೊಬ್ಬರು ಕುಳಿತಿರುವರು. ಅವರ ಪದಗಳು ಯಾವ ಪುಸ್ತಕದಲ್ಲಿಯೂ ಇರಲಾರವು. ಅವರೊಡನೆ ಹಾಡುತ್ತಿದ್ದವರು ಈಗ ಎಷ್ಟು ಮಂದಿ ಉಳಿದಿರುವರು? ಅಜ್ಜಿಯ ಬಳಿ ಕುಳಿತುಕೋ. ಯಂತ್ರವನ್ನು ಮೊದಲ ದಿನವೇ ಮುಂದಿಡಬೇಡ. ಎರಡು ದಿನ ಬರಿದೆ ಕೇಳು. ಬೆಳಗಿನ ಹೊತ್ತು ಅವರಿಗೆ ನೆನಪು ಚೆನ್ನಾಗಿರುವುದೋ ಸಂಜೆಯೋ ಎಂಬುದನ್ನು ನಿನ್ನ ತಾಯಿ ಬಲ್ಲರು. ಒಂದು ಸಾಲು ಮರೆತರೆ ಅವಸರಪಡಿಸಬೇಡ. ಅವರ ಪದಕ್ಕೆ ನಿನ್ನ ಕೀಬೋರ್ಡನ್ನು ಸೇರಿಸಬೇಕೆಂಬ ಆಸೆ ಹುಟ್ಟುವುದು, ಅದನ್ನು ತಡೆದುಕೋ. ಕೇಳಿ ಕೇಳಿ, ಇದು ಹೀಗೆಯೇ ಇರಲಿ ಎಂದು ನಿನಗೆ ತೋರಿದ ದಿನ ನೀನು ನಿರ್ಮಾಪಕನಾದೆ ಎಂದು ನಾವು ಒಪ್ಪುವೆವು.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮುದ್ರಣವಾದ ಮೇಲೆ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಒಮ್ಮೆ ಕೇಳಿರಿ, ತಾಯಿಯವರಿಗೂ ಕೇಳಿಸಿರಿ. ಆಮೇಲೆ ಗೋದಾಮಿನ ಮಾತನ್ನು ಎತ್ತಿದರಾಯಿತು. ಮಳೆ ಹಿಡಿಯುವುದಕ್ಕೆ ಮುನ್ನವೇ ಈ ಕೆಲಸ ಆಗಲೆಂದು ನಮ್ಮ ಆಸೆ. ಗೋದಾಮು ಮುಂದಿನ ವರ್ಷಕ್ಕೂ ಇರುವುದು. ಹಿರಿಯರ ನೆನಪಿಗೆ ಮಾತ್ರ ಆ ಭರವಸೆಯಿಲ್ಲ.